ಕರ್ನಲ್ ಬದಲಾಯಿಸ್ದೆ, ಬ್ಯಾಟರಿ ಅರ್ಧಕ್ಕಿಳೀತು

ಎರಡು ವಾರದ ಹಿಂದೆ ಲ್ಯಾಪ್‌ಟಾಪಲ್ಲಿ ಲಿನಕ್ಸ್ ಕರ್ನಲ್ (ಹಾರ್ಡ್‌ವೇರನ್ನ ನಡೆಸೋ ಓಎಸ್‌ನ ತಿರುಳು) ಬದಲಾಯಿಸ್ದೆ, 6.1 ಇದ್ದದ್ದು 6.12 ಆಯ್ತು, ರೀಬೂಟ್ ಆಯ್ತು, ವೈಫೈ ಬಂತು, ಸೌಂಡ್ ಬಂತು, ಎಲ್ಲ ಸರಿ ಇದೆ ಅಂದ್ಕೊಂಡು ಕೆಲಸಕ್ಕೆ ಕೂತೆ. ಅರ್ಧ ಗಂಟೆ ಆಗೋಷ್ಟ್ರಲ್ಲಿ ಕೀಬೋರ್ಡಿನ ಎಡಗಡೆ ಬಿಸಿ, ಫ್ಯಾನ್ ನಿಲ್ತಾನೇ ಇಲ್ಲ, ಬ್ಯಾಟರಿ ಐಕಾನ್ ಮೇಲೆ ಮೌಸ್ ಇಟ್ರೆ ಎರಡೂಮುಕ್ಕಾಲು ಗಂಟೆ ಅಂತ ತೋರಿಸ್ತಿದೆ. ಹಿಂದಿನ ದಿನ ಇದೇ ಕೆಲಸಕ್ಕೆ ಐದು ಗಂಟೆ ಬರ್ತಿತ್ತು.

ಮೊದಲು ಮನಸಿಗೆ ಬಂದಿದ್ದು ಎಲ್ಲರಿಗೂ ಬರೋದೇ, ಹೊಸ ಕರ್ನಲ್ ಸರಿ ಇಲ್ಲ, ವಾಪಸ್ ಹಳೇದಕ್ಕೆ ಹೋಗೋಣ. ಹೋಗಿದ್ರೆ ಅಲ್ಲಿಗೆ ಮುಗೀತಿತ್ತು, ಆದ್ರೆ ಕಾರಣ ಗೊತ್ತಾಗ್ತಿರ್ಲಿಲ್ಲ. ನಾಲ್ಕು ಸಂಜೆ ಕೂತು ಹುಡುಕಿದ್ಮೇಲೆ ಗೊತ್ತಾಗಿದ್ದು ಇಷ್ಟು: ಹೊಸ ಕರ್ನಲ್ಲಲ್ಲಿ ತಪ್ಪೇನೂ ಇರ್ಲಿಲ್ಲ. ನಾನು ಯಾವತ್ತೋ ಹಳೇ ಕರ್ನಲ್ಲಿನ ತೊಂದ್ರೆಗೆ ಅಂತ ಹಾಕಿಟ್ಟಿದ್ದ ಸೆಟ್ಟಿಂಗ್‌ಗಳು ಹೊಸದರ ಕಾಲಿಗೆ ಹಗ್ಗ ಕಟ್ಟಿದ್ವು. ಅದನ್ನೇ ಇಲ್ಲಿ ಬರೀತಿದೀನಿ, ಸ್ವಲ್ಪ ಉದ್ದ ಆಗತ್ತೆ.

ಯಂತ್ರದ ಬಗ್ಗೆ ಎರಡು ಮಾತು. ಎರಡು ಗ್ರಾಫಿಕ್ಸ್ ಇರೋ ಹಳೇ ಲ್ಯಾಪ್‌ಟಾಪ್ ಇದು, ಪ್ರೊಸೆಸರ್ ಒಳಗೇ ಇರೋ ಇಂಟೆಲ್ ಒಂದು, ಪಕ್ಕದಲ್ಲಿ ಬೇರೆ ಚಿಪ್ ಆಗಿ ಎಎಂಡಿ ಒಂದು. ದಿನದ ಕೆಲಸ ಎಲ್ಲ ಇಂಟೆಲ್ಲೇ ಮಾಡತ್ತೆ, ಭಾರೀ ಕೆಲಸ ಬಂದಾಗ ಮಾತ್ರ ಎಎಂಡಿನ ಎಬ್ಬಿಸ್ಬೇಕು, ಉಳಿದ ಹೊತ್ತು ಅದು ಪೂರ್ತಿ ಕರೆಂಟ್ ಕಟ್ ಆಗಿ ಮಲಗಿರ್ಬೇಕು. ಈ ಮಲಗಿಸೋ ವಿಷಯನೇ ಇಡೀ ಕಥೆ. ಓಎಸ್ ಡೆಬಿಯನ್ 12 ಅನ್ನೋ ಲಿನಕ್ಸ್, ಅದರ ಜೊತೆ ಬರೋ ಕರ್ನಲ್ 6.1, ಅದೇ ಡೆಬಿಯನ್‌ಗೆ ಹೊಸ ಪ್ಯಾಕೇಜ್ ಕೊಡೋ ಬ್ಯಾಕ್‌ಪೋರ್ಟ್ಸ್ ಇಂದ 6.12 ಹಾಕ್ಕೊಂಡೆ. ಎರಡೂ ಎಲ್‌ಟಿಎಸ್, ಅಂದ್ರೆ ತುಂಬ ಕಾಲ ಬೆಂಬಲ ಸಿಗೋ ಕರ್ನಲ್‌ಗಳೇ, 6.1 ಬಂದಿದ್ದು 2022ರ ಡಿಸೆಂಬರ್‌ನಲ್ಲಿ, 6.12 ಬಂದಿದ್ದು 2024ರ ನವೆಂಬರ್‌ನಲ್ಲಿ. ಒಂಬತ್ತು ಹತ್ತು ವಾರಕ್ಕೊಂದು ಹೊಸ ಕರ್ನಲ್ ಬರತ್ತೆ ಅನ್ನೋ ಲೆಕ್ಕದಲ್ಲಿ ಮಧ್ಯೆ ಹತ್ತು ಆವೃತ್ತಿ ಒಂದೇ ಸಲಕ್ಕೆ ದಾಟಿದ ಹಾಗೆ.

ಕರ್ನಲ್ ಅಪ್‌ಗ್ರೇಡ್‌ಗೂ ಗ್ರಾಫಿಕ್ಸಿಗೂ ಏನು ಸಂಬಂಧ ಅಂತ ತುಂಬ ಜನ ಕೇಳ್ತಾರೆ. ಲಿನಕ್ಸಲ್ಲಿ ಗ್ರಾಫಿಕ್ಸ್ ಡ್ರೈವರ್ ಎರಡು ತುಂಡಾಗಿದೆ. ಚಿತ್ರ ಬಿಡಿಸೋ ಲೆಕ್ಕಾಚಾರ ಮೇಸಾ ಅನ್ನೋ ಲೈಬ್ರರಿಯಲ್ಲಿ, ಅದು ಕರ್ನಲ್ ಹೊರಗಡೆ. ಚಿಪ್ಪಿನ ಕ್ಲಾಕ್ (ಅದು ಓಡೋ ವೇಗ) ಎಷ್ಟಿರ್ಬೇಕು, ವೋಲ್ಟೇಜ್ ಎಷ್ಟಿರ್ಬೇಕು, ಯಾವಾಗ ಮಲಗ್ಬೇಕು ಯಾವಾಗ ಏಳ್ಬೇಕು, ಇದೆಲ್ಲ ಕರ್ನಲ್ ಒಳಗಿನ ಡ್ರೈವರ್ ಕೈಲಿ. ಎಎಂಡಿಯ ಎಎಂಡಿಜಿಪಿಯು ಡ್ರೈವರ್ ಅಂತೂ ಇಡೀ ಕರ್ನಲ್ಲಲ್ಲೇ ಎಲ್ಲಕ್ಕಿಂತ ದೊಡ್ಡದು, ಲಕ್ಷಗಟ್ಲೆ ಸಾಲು, ಅದರಲ್ಲಿ ಬಹುಪಾಲು ಯಂತ್ರವೇ ಬರ್ಕೊಟ್ಟಿರೋ ರಿಜಿಸ್ಟರ್ ಹೆಡರ್‌ಗಳು ಅನ್ನೋದು ಬೇರೆ ಮಾತು. ಹಾಗಾಗಿ ಕರ್ನಲ್ ಬದಲಾಯಿಸಿದ್ರೆ ಗ್ರಾಫಿಕ್ಸಿನ ಪವರ್ ಮ್ಯಾನೇಜ್‌ಮೆಂಟೂ ಪೂರ್ತಿ ಬದಲಾಯಿತು ಅಂತಲೇ ಅರ್ಥ, ನೀವು ಗ್ರಾಫಿಕ್ಸ್ ಸೆಟ್ಟಿಂಗ್ ಮುಟ್ಟದೇ ಇದ್ರೂ.

ಅಪ್‌ಗ್ರೇಡ್ ಮಾಡೋ ವಿಧಾನ ಹೆಚ್ಚೇನಿಲ್ಲ, ಪ್ಯಾಕೇಜ್ ಮ್ಯಾನೇಜರ್ ಎಲ್ಲ ಮಾಡತ್ತೆ. ಆದ್ರೆ ಮೂರು ಕಡೆ ಕೈ ಸುಟ್ಕೊಂಡಿರೋರನ್ನ ನೋಡಿದೀನಿ. ಬೂಟ್ ಪಾರ್ಟಿಶನ್ ಬೇರೆ ಮಾಡಿದ್ದು ಅದು ಚಿಕ್ಕದಾಗಿದ್ರೆ ಹಳೇ ಕರ್ನಲ್‌ಗಳು ತುಂಬ್ಕೊಂಡು ಹೊಸ ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಶುರುವಲ್ಲಿ ಬೇಕಾಗೋ ಫೈಲುಗಳ ಕಟ್ಟು) ಅರ್ಧಕ್ಕೇ ನಿಂತು ಬೂಟೇ ಆಗಲ್ಲ, ಮೊದಲೇ ಜಾಗ ನೋಡ್ಕೊಳ್ಳಿ. ಎರಡನೇದು ಫರ್ಮ್‌ವೇರ್, ಅಂದ್ರೆ ಚಿಪ್ಪಿನೊಳಗೇ ಓಡೋ ಸಾಫ್ಟ್‌ವೇರ್. ಕರ್ನಲ್ ಮಾತ್ರ ಹೊಸದು ಹಾಕಿ ಫರ್ಮ್‌ವೇರ್ ಪ್ಯಾಕೇಜ್ ಹಳೇದೇ ಬಿಟ್ರೆ ಇನಿಟ್‌ರಾಮ್‌ಎಫ್‌ಎಸ್ ಕಟ್ಟುವಾಗ ಎಎಂಡಿಜಿಪಿಯುಗೆ ಫರ್ಮ್‌ವೇರ್ ಕಾಣ್ತಿಲ್ಲ ಅಂತ ಸಾಲುಸಾಲು ಎಚ್ಚರಿಕೆ ಬರತ್ತೆ. ಅದರಲ್ಲಿ ಬಹಳಷ್ಟು ನಿಮ್ಮ ಹತ್ರ ಇಲ್ಲದ ಚಿಪ್ಪಿಗೆ ಸಂಬಂಧಪಟ್ಟಿದ್ದು, ಹೆದರೋದು ಬೇಡ, ಆದ್ರೆ ನಿಮ್ಮ ಚಿಪ್ಪಿನ ಹೆಸರು ಅದರಲ್ಲಿದ್ಯಾ ಅಂತ ಒಂದ್ಸಲ ಕಣ್ಣಾಡಿಸಿ. ನಾನು ಫರ್ಮ್‌ವೇರನ್ನೂ ಬ್ಯಾಕ್‌ಪೋರ್ಟ್ಸಿಂದಲೇ ತಗೊಂಡೆ, ಡೆಬಿಯನ್ 12ರಲ್ಲಿ ಅದಕ್ಕೆ ಬೇರೆ ವಿಭಾಗನೇ ಮಾಡಿದಾರೆ, ಸೋರ್ಸ್ ಲಿಸ್ಟಲ್ಲಿ ಅದು ಇರ್ಬೇಕು ಅಷ್ಟೆ. ಮೂರನೇದು ಮುಖ್ಯ: ಹಳೇ ಕರ್ನಲ್ ತೆಗೀಬೇಡಿ. ಬೂಟ್ ಆಗುವಾಗ ಬರೋ ಗ್ರಬ್ ಮೆನುವಲ್ಲಿ ಅಡ್ವಾನ್ಸ್ಡ್ ಅಂತ ಇರೋ ಕಡೆ ಹಳೇದೂ ಇರತ್ತೆ, ಏನೇ ಆದ್ರೂ ಅಲ್ಲಿಂದ ಎದ್ದು ಬರ್ಬಹುದು, ಹೋಲಿಸಿ ನೋಡೋಕೂ ಅದು ಬೇಕು.

ಎನ್ವಿಡಿಯಾ ಇರೋರಿಗೆ ಇನ್ನೊಂದು. ಅವರ ಸ್ವಂತ ಡ್ರೈವರ್ ಬಳಸ್ತಿದ್ರೆ ಅದು ಕರ್ನಲ್ ಜೊತೆ ಬರಲ್ಲ, ಪ್ರತೀ ಸಲ ಹೊಸ ಕರ್ನಲ್ಲಿಗೆ ಡಿಕೆಎಂಎಸ್ ಅನ್ನೋ ಟೂಲ್ ಅದನ್ನ ಮತ್ತೆ ಕಂಪೈಲ್ ಮಾಡತ್ತೆ, ಅದಕ್ಕೆ ಆ ಕರ್ನಲ್ಲಿನ ಹೆಡರ್ ಪ್ಯಾಕೇಜ್ ಬೇಕು, ಸೆಕ್ಯೂರ್ ಬೂಟ್ ಆನ್ ಇದ್ರೆ ಆ ಮಾಡ್ಯೂಲಿಗೆ ಸಹಿನೂ ಬೇಕು. ಇದರಲ್ಲಿ ಒಂದು ತಪ್ಪಿದ್ರೂ ಕಪ್ಪು ಸ್ಕ್ರೀನು. ನನ್ನ ಹತ್ರ ಆ ಕಾರ್ಡ್ ಇಲ್ಲ, ಹಾಗಾಗಿ ಹೆಚ್ಚು ಹೇಳಲ್ಲ.

ಸರಿ, ನನ್ನ ಕಥೆಗೆ ಬರ್ತೀನಿ. ಹುಡುಕೋಕೆ ಶುರು ಮಾಡೋ ಮುಂಚೆ ಅಳತೆ ಬೇಕಿತ್ತು. ಬ್ಯಾಟರಿ ಐಕಾನ್ ತೋರಿಸೋ ಗಂಟೆ ಬರೀ ಅಂದಾಜು, ಈ ನಿಮಿಷದ ಬಳಕೆ ನೋಡಿ ಹೇಳತ್ತೆ, ಬ್ರೌಸರಲ್ಲಿ ಒಂದು ಪುಟ ತೆಗೆದ್ರೆ ಅದು ಬದಲಾಗತ್ತೆ. ಅದರ ಬದಲು /ಸಿಸ್/ಕ್ಲಾಸ್/ಪವರ್_ಸಪ್ಲೈ ಒಳಗೆ ಬ್ಯಾಟರಿ ಹೆಸರಿನ ಫೋಲ್ಡರಲ್ಲಿ ಪವರ್_ನೌ ಅಂತ ಒಂದು ಫೈಲ್ ಇರತ್ತೆ, ಅದನ್ನ ಕ್ಯಾಟ್ ಕಮಾಂಡಿಂದ ಓದಿದ್ರೆ ಮೈಕ್ರೋವ್ಯಾಟ್ ಲೆಕ್ಕದಲ್ಲಿ ಒಂದು ಸಂಖ್ಯೆ ಬರತ್ತೆ, ಹತ್ತು ಲಕ್ಷದಿಂದ ಭಾಗಿಸಿದ್ರೆ ವ್ಯಾಟ್. ಕೆಲವು ಲ್ಯಾಪ್‌ಟಾಪಲ್ಲಿ ಈ ಫೈಲ್ ಇರಲ್ಲ, ಅಲ್ಲಿ ಕರೆಂಟ್ ಒಂದು ಫೈಲು ವೋಲ್ಟೇಜ್ ಒಂದು ಫೈಲು ಇರತ್ತೆ, ಗುಣಿಸ್ಕೋಬೇಕು. ಚಾರ್ಜರ್ ಕಿತ್ತಿರ್ಬೇಕು ಅನ್ನೋದು ಮರೀಬೇಡಿ, ಚಾರ್ಜರ್ ಇದ್ರೆ ಆ ಸಂಖ್ಯೆ ಬ್ಯಾಟರಿ ಎಷ್ಟು ತುಂಬ್ತಿದೆ ಅನ್ನೋದನ್ನ ಹೇಳತ್ತೆ, ಎಷ್ಟು ಖರ್ಚಾಗ್ತಿದೆ ಅನ್ನೋದನ್ನಲ್ಲ.

ಬ್ರೈಟ್‌ನೆಸ್ ಒಂದೇ ಕಡೆ ಇಟ್ಟು, ವೈಫೈ ಆನ್ ಇಟ್ಟು, ಯಾವ ಪ್ರೋಗ್ರಾಮೂ ತೆಗೀದೆ, ಹತ್ತು ನಿಮಿಷ ಬಿಟ್ಟು, ಐದು ಸೆಕೆಂಡಿಗೊಂದ್ಸಲ ಆ ಫೈಲ್ ಓದಿ ಸರಾಸರಿ ತೆಗೆಯೋ ನಾಲ್ಕು ಸಾಲಿನ ಸ್ಕ್ರಿಪ್ಟ್ ಬರ್ದೆ. 6.1ರಲ್ಲಿ 8.2 ವ್ಯಾಟ್. 6.12ರಲ್ಲಿ 14.9. ನನ್ನ ಬ್ಯಾಟರಿ ಈಗ ಹಳೇದಾಗಿ 41 ವ್ಯಾಟ್ ಅವರ್ ಹಿಡಿಯತ್ತೆ, 41ನ್ನ 8.2ರಿಂದ ಭಾಗಿಸಿದ್ರೆ ಐದು ಗಂಟೆ, 14.9ರಿಂದ ಭಾಗಿಸಿದ್ರೆ ಎರಡೂಮುಕ್ಕಾಲು. ಐಕಾನ್ ಈ ಸಲ ಸರಿಯಾಗೇ ಹೇಳಿತ್ತು.

ಸುಮಾರು ಏಳು ವ್ಯಾಟ್ ಹೆಚ್ಚು. ಸುಮ್ನೆ ಕೂತಿರೋ ಪ್ರೊಸೆಸರ್ ಅಷ್ಟು ತಿನ್ನಲ್ಲ, ಸ್ಕ್ರೀನ್ ಎರಡೂ ಸಲ ಒಂದೇ ಥರ ಇತ್ತು. ಅಷ್ಟು ತಿನ್ನೋ ಭಾಗ ಈ ಯಂತ್ರದಲ್ಲಿ ಒಂದೇ, ಮಲಗಿರ್ಬೇಕಾದ ಎಎಂಡಿ.

ಇಲ್ಲೇ ನಾನು ಒಂದು ಸಂಜೆ ಹಾಳು ಮಾಡ್ಕೊಂಡೆ. ಎಎಂಡಿ ಎದ್ದಿದ್ಯಾ ಮಲಗಿದ್ಯಾ ನೋಡೋಕೆ ಎಲ್‌ಎಸ್‌ಪಿಸಿಐ ಕಮಾಂಡ್ ಹೊಡೀತಿದ್ದೆ, ಪ್ರತೀ ಸಲ ಎದ್ದೇ ಇದೆ ಅಂತ ಬರ್ತಿತ್ತು, ಏನು ಬದಲಾಯಿಸಿದ್ರೂ ಎದ್ದೇ ಇದೆ. ಆಮೇಲೆ ಹೊಳೀತು, ಆ ಕಮಾಂಡ್ ಚಿಪ್ಪಿನ ಕಾನ್ಫಿಗರೇಶನ್ ಸ್ಪೇಸ್ ಓದತ್ತೆ, ಪೂರ್ತಿ ಕರೆಂಟ್ ಇಲ್ಲದ ಚಿಪ್ಪಿಂದ ಓದೋಕಾಗಲ್ಲ, ಹಾಗಾಗಿ ಕರ್ನಲ್ ಮೊದಲು ಅದನ್ನ ಎಬ್ಬಿಸಿ ಆಮೇಲೆ ಓದಿ ಕೊಡತ್ತೆ. ಮಲಗಿರೋ ಮಗುನ ಅಲ್ಲಾಡಿಸಿ ನಿದ್ದೆ ಬಂತಾ ಅಂತ ಕೇಳಿದ ಹಾಗೆ. ಎಬ್ಬಿಸದೆ ನೋಡೋ ದಾರಿ ಇದೆ: /ಸಿಸ್/ಬಸ್/ಪಿಸಿಐ/ಡಿವೈಸಸ್ ಒಳಗೆ ಆ ಕಾರ್ಡಿನ ಅಡ್ರೆಸ್ ಇರೋ ಫೋಲ್ಡರ್, ಅದರೊಳಗೆ ಪವರ್ ಅನ್ನೋ ಫೋಲ್ಡರ್, ಅದರಲ್ಲಿ ರನ್‌ಟೈಮ್_ಸ್ಟೇಟಸ್. ಇದು ಕರ್ನಲ್ ತನ್ನ ಲೆಕ್ಕದ ಪುಸ್ತಕದಿಂದ ಓದಿ ಹೇಳತ್ತೆ, ಚಿಪ್ಪನ್ನ ಮುಟ್ಟಲ್ಲ. ಆಕ್ಟಿವ್ ಅಂತ ಬಂದ್ರೆ ಎದ್ದಿದೆ, ಸಸ್ಪೆಂಡೆಡ್ ಅಂತ ಬಂದ್ರೆ ಮಲಗಿದೆ. ಪಕ್ಕದಲ್ಲೇ ಕಂಟ್ರೋಲ್ ಅಂತ ಇನ್ನೊಂದು ಫೈಲ್, ಅದರಲ್ಲಿ ಆಟೋ ಇದ್ರೆ ಮಲಗೋಕೆ ಅನುಮತಿ ಇದೆ, ಆನ್ ಇದ್ರೆ ಇಲ್ಲ.

ನನ್ನದರಲ್ಲಿ ಆಕ್ಟಿವ್, ಮತ್ತೆ ಆನ್. ಅಂದ್ರೆ ಮಲಗೋಕೆ ಅನುಮತಿನೇ ಇಲ್ಲ.

ಅನುಮತಿ ಕೊಡದೇ ಇದ್ದದ್ದು ಯಾರು ಅಂತ ಡಿಎಮ್‌ಇಎಸ್‌ಜಿ (ಕರ್ನಲ್ ಬರೆಯೋ ಲಾಗ್) ತೆಗೆದು ಮೊದಲಿಂದ ಓದ್ದೆ. ಎರಡನೇ ಸಾಲೋ ಮೂರನೇ ಸಾಲೋ, ಬೂಟಲ್ಲಿ ಕರ್ನಲ್ಲಿಗೆ ಕೊಡೋ ಸೆಟ್ಟಿಂಗ್‌ಗಳ ಸಾಲು, ಕರ್ನಲ್ ಕಮಾಂಡ್ ಲೈನ್ ಅಂತ ಇರತ್ತಲ್ಲ, ಅದರಲ್ಲೇ ಇತ್ತು: ಎಎಂಡಿಜಿಪಿಯು.ರನ್‌ಪಿಎಂ=0. ನಾನೇ ಹಾಕಿದ್ದು. 4.19 ಕಾಲದಲ್ಲಿ, ಡೆಬಿಯನ್ 10 ಇದ್ದಾಗ, ಲ್ಯಾಪ್‌ಟಾಪ್ ಮುಚ್ಚಿ ತೆಗೆದ್ರೆ ಕೆಲವೊಮ್ಮೆ ಸ್ಕ್ರೀನ್ ಬರ್ತಾ ಇರ್ಲಿಲ್ಲ, ಕಾರ್ಡ್ ತನ್ನಷ್ಟಕ್ಕೆ ಮಲಗಿ ಏಳೋದನ್ನ ನಿಲ್ಲಿಸಿದ್ರೆ ಸರಿಹೋಗತ್ತೆ ಅಂತ ಈ ಪ್ಯಾರಾಮೀಟರ್ ಹಾಕಿದ್ದೆ, ಸರಿನೂ ಹೋಗಿತ್ತು, ಆಮೇಲೆ ಮರೆತೇ ಹೋಯ್ತು. 5.10 ಬಂತು, 6.1 ಬಂತು, ಗ್ರಬ್ ಫೈಲಲ್ಲಿ ಆ ಸಾಲು ಹಾಗೇ ಕೂತಿತ್ತು.

ಹಾಗಾದ್ರೆ 6.1ರಲ್ಲಿ 8.2 ವ್ಯಾಟ್ ಹೇಗೆ ಬರ್ತಿತ್ತು? ಅದೇ ಪ್ಯಾರಾಮೀಟರ್ ಅಲ್ಲೂ ಇತ್ತಲ್ಲ. ಈ ಪ್ರಶ್ನೆನೇ ನನ್ನನ್ನ ತುಂಬ ಹೊತ್ತು ಹಿಡಿದಿಟ್ಟಿದ್ದು. ಉತ್ತರ ಇನ್ನೊಂದು ಹಳೇ ಫೈಲಲ್ಲಿತ್ತು. ಕಾರ್ಡ್ ತಾನಾಗೇ ಮಲಗದ ಹಾಗೆ ಮಾಡಿದ್ಮೇಲೆ ಕೈಯಿಂದ ಆಫ್ ಮಾಡೋಕೆ ಬೂಟ್ ಹೊತ್ತಲ್ಲಿ ಓಡೋ ಒಂದು ಸಣ್ಣ ಸ್ಕ್ರಿಪ್ಟ್ ಬರೆದಿದ್ದೆ, ಕರ್ನಲ್ಲಿನ ಒಳಗಿನ ಸ್ಥಿತಿ ತೋರಿಸೋ ಡೀಬಗ್‌ಎಫ್‌ಎಸ್ ಒಳಗೆ ವಿಜಿಎಸ್ವಿಚರೂ ಅಂತ ಒಂದು ಫೋಲ್ಡರ್, ಅದರ ಸ್ವಿಚ್ ಅನ್ನೋ ಫೈಲಿಗೆ ಆಫ್ ಅಂತ ಬರೆಯೋದು. ಈ ಸ್ವಿಚರೂ ಹಳೇ ಕಾಲದ್ದು, 2010ರಲ್ಲಿ 2.6.34ರಲ್ಲಿ ಬಂದಿದ್ದು, ಡೇವ್ ಏರ್ಲಿ ಬರೆದಿದ್ದು, ಆಗ ಎರಡು ಗ್ರಾಫಿಕ್ಸ್ ಇರೋ ಲ್ಯಾಪ್‌ಟಾಪಿಗೆ ಇದ್ದ ದಾರಿ ಅದೊಂದೇ. ಈಗಲೂ ಇದೆ, ಕೆಲಸನೂ ಮಾಡತ್ತೆ. ಆದ್ರೆ ಆ ಫೋಲ್ಡರ್ ಹುಟ್ಟೋದು ಎರಡೂ ಗ್ರಾಫಿಕ್ಸ್ ಡ್ರೈವರ್‌ಗಳು ಎದ್ದು ಹೆಸರು ನೋಂದಾಯಿಸಿದ್ಮೇಲೆ. 6.1ರಲ್ಲಿ ನನ್ನ ಸ್ಕ್ರಿಪ್ಟ್ ಓಡೋ ಹೊತ್ತಿಗೆ ಎರಡೂ ಎದ್ದಿರ್ತಿದ್ವು. 6.12ರಲ್ಲಿ ಸ್ಕ್ರಿಪ್ಟ್ ಮೊದಲು ಓಡ್ತಿತ್ತು, ಎಎಂಡಿಜಿಪಿಯು ಆಮೇಲೆ ಏಳ್ತಿತ್ತು, ಅಂಥ ಫೈಲೇ ಇಲ್ಲ ಅಂತ ಒಂದು ಸಾಲು ಜರ್ನಲ್ (ಸಿಸ್ಟಮ್ ಲಾಗ್) ಒಳಗೆ ಬಿದ್ದು ಸ್ಕ್ರಿಪ್ಟ್ ಮುಗಿದು ಹೋಗ್ತಿತ್ತು. ಸೆಕೆಂಡಿಗಿಂತ ಕಮ್ಮಿ ವ್ಯತ್ಯಾಸ ಅದು. ಅಷ್ಟು ವರ್ಷ ಅದು ನಡೆದಿದ್ದು ಬರೀ ಸಮಯ ಹೊಂದಿಕೆ ಆಗ್ತಿದ್ದಿದ್ದಕ್ಕೆ, ಯಾರೂ ಆ ಸಮಯಕ್ಕೆ ಖಾತ್ರಿ ಕೊಟ್ಟಿರ್ಲಿಲ್ಲ.

ಸ್ಕ್ರಿಪ್ಟನ್ನ ಐದು ಸೆಕೆಂಡ್ ತಡ ಮಾಡಿದ್ರೆ ಆಗ್ತಿತ್ತು, ಕೈ ಅಲ್ಲಿಗೇ ಹೋಯ್ತು ಕೂಡ. ಆದ್ರೆ ಒಂದು ತೇಪೆ ಸರಿ ಮಾಡೋಕೆ ಇನ್ನೊಂದು ತೇಪೆ ಹಾಕೋದು ಬೇಡ ಅನ್ನಿಸ್ತು. ಮೊದಲ ತೊಂದ್ರೆ, ಮುಚ್ಚಿ ತೆಗೆದ್ರೆ ಸ್ಕ್ರೀನ್ ಬರದೇ ಇರೋದು, ಅದು 6.12ರಲ್ಲಿ ಇದ್ಯಾ ಅಂತ ನಾನು ನೋಡೇ ಇರ್ಲಿಲ್ವಲ್ಲ. ಎರಡನ್ನೂ ತೆಗ್ದೆ, ಪ್ಯಾರಾಮೀಟರೂ ಸ್ಕ್ರಿಪ್ಟೂ. ಗ್ರಬ್ ಅಪ್‌ಡೇಟ್ ಮಾಡಿ ರೀಬೂಟ್. ಕಂಟ್ರೋಲ್ ಫೈಲಲ್ಲಿ ಈಗ ಆಟೋ ಬಂತು. ಎಎಂಡಿಜಿಪಿಯು ಐದು ಸೆಕೆಂಡ್ ಯಾರೂ ಕೆಲಸ ಕೊಡದೇ ಇದ್ರೆ ತಾನಾಗೇ ಮಲಗ್ಬೇಕು. ರನ್‌ಟೈಮ್_ಸ್ಟೇಟಸ್ ನೋಡ್ದೆ, ಸಸ್ಪೆಂಡೆಡ್. ತುಂಬ ಖುಷಿ ಆಯ್ತು. ಮತ್ತೆ ನೋಡ್ದೆ, ಆಕ್ಟಿವ್. ಮತ್ತೆ ಸಸ್ಪೆಂಡೆಡ್. ಮತ್ತೆ ಆಕ್ಟಿವ್.

ಹತ್ತು ಸೆಕೆಂಡಿಗೊಂದ್ಸಲ ಯಾರೋ ಎಬ್ಬಿಸ್ತಿದಾರೆ. ಎದ್ದು ಮಲಗಿ ಎದ್ದು ಮಲಗಿ, ಸರಾಸರಿ 12 ವ್ಯಾಟ್ ಮೇಲೇ ಇತ್ತು.

ಇದನ್ನ ಹುಡುಕೋಕೆ ಹೆಚ್ಚು ಹೊತ್ತು ಬೇಕಾಗ್ಲಿಲ್ಲ, ಹತ್ತು ಸೆಕೆಂಡ್ ಅನ್ನೋ ಲೆಕ್ಕನೇ ಸುಳಿವು ಕೊಡ್ತು. ಪ್ಯಾನೆಲ್ ಮೇಲೆ ಟೆಂಪರೇಚರ್ ತೋರಿಸೋ ವಿಜೆಟ್ ಒಂದು ಹಾಕ್ಕೊಂಡಿದ್ದೆ, ಪ್ರೊಸೆಸರ್ ಎಷ್ಟು ಬಿಸಿ, ಡಿಸ್ಕ್ ಎಷ್ಟು ಬಿಸಿ, ಗ್ರಾಫಿಕ್ಸ್ ಎಷ್ಟು ಬಿಸಿ ಅಂತ ಹತ್ತು ಸೆಕೆಂಡಿಗೊಂದ್ಸಲ ಎಲ್ಲ ಸೆನ್ಸರ್ ಓದತ್ತೆ. ಎಎಂಡಿ ಮಲಗಿದ್ದಾಗ ಅದರ ಟೆಂಪರೇಚರ್ ಓದ್ಬೇಕು ಅಂದ್ರೆ ಅದನ್ನ ಎಬ್ಬಿಸ್ಲೇಬೇಕು. ಬಿಸಿ ಆಗ್ತಿದ್ಯಾ ಅಂತ ನೋಡೋಕೆ ಇಟ್ಟಿದ್ದೇ ಬಿಸಿ ಮಾಡ್ತಿತ್ತು. ಹಿಂದೆ ಇದು ಯಾಕೆ ಗೊತ್ತಾಗ್ಲಿಲ್ಲ ಅಂದ್ರೆ ಸ್ವಿಚರೂ ಇಂದ ಕೈಯಾರೆ ಆಫ್ ಮಾಡಿದ್ರೆ ಸೆನ್ಸರ್ ಓದೋಕೆ ಹೋದ್ರೂ ಡ್ರೈವರ್ ಎರರ್ ಕೊಟ್ಟು ಸುಮ್ನಾಗ್ತಿತ್ತು, ವಿಜೆಟಲ್ಲಿ ಗ್ರಾಫಿಕ್ಸ್ ಜಾಗ ಖಾಲಿ ಇರ್ತಿತ್ತು, ನಾನು ಅದನ್ನ ಗಮನಿಸೇ ಇರ್ಲಿಲ್ಲ. ವಿಜೆಟ್ ಸೆಟ್ಟಿಂಗಲ್ಲಿ ಆ ಒಂದು ಸೆನ್ಸರ್ ತೆಗ್ದೆ. ಹತ್ತು ನಿಮಿಷದ ಅಳತೆ ಮತ್ತೆ ಓಡಿಸ್ದೆ. 7.6 ವ್ಯಾಟ್.

ಹಳೇ ಕರ್ನಲ್ಲಲ್ಲಿ ಎಲ್ಲ ಸರಿ ಇದ್ದಾಗ ಬರ್ತಿದ್ದ 8.2ಕ್ಕಿಂತಲೂ ಕಮ್ಮಿ. ಐದು ಗಂಟೆ ಇದ್ದದ್ದು ಐದು ಗಂಟೆ ಇಪ್ಪತ್ತು ನಿಮಿಷದ ಮೇಲೆ. ಇನ್ನು ಲ್ಯಾಪ್‌ಟಾಪ್ ಮುಚ್ಚಿ ತೆಗೆಯೋ ತೊಂದ್ರೆ, ಎರಡನ್ನೂ ತೆಗೆದ್ಮೇಲೆ ದಿನಕ್ಕೆ ಹತ್ತು ಸಲ ಮುಚ್ಚಿ ತೆಗೆದಿದೀನಿ, ಒಂದ್ಸಲನೂ ಸ್ಕ್ರೀನ್ ಬರದೇ ಹೋಗಿಲ್ಲ. ಯಾವ ಆವೃತ್ತಿಯಲ್ಲಿ ಯಾರು ಸರಿ ಮಾಡಿದ್ರೋ, ಯಾವತ್ತೋ ಸರಿ ಆಗಿತ್ತು, ನಾನು ಮಾತ್ರ ಪ್ಯಾರಾಮೀಟರ್ ಹಿಡ್ಕೊಂಡು ಕೂತಿದ್ದೆ. ಇದು ನನಗೆ ನಿಜಕ್ಕೂ ಬೇಜಾರು ತಂದ ವಿಷಯ, ಆ ಕೆಲಸ ಮಾಡಿದೋರ ಶ್ರಮ ಇಷ್ಟು ದಿನ ನನಗೆ ತಲುಪೇ ಇರ್ಲಿಲ್ಲ.

ಗ್ರಬ್ ಸಾಲು ತೆಗೆದು ನೋಡಿದಾಗ ರನ್‌ಪಿಎಂ ಒಂದೇ ಅಲ್ಲ, ಇನ್ನೂ ಎರಡು ಹಳೇ ಗಿರಾಕಿಗಳು ಇದ್ವು. ಒಂದು ಐ915.ಎನೇಬಲ್_ಆರ್‌ಸಿ6, ಐ915 ಅಂದ್ರೆ ಇಂಟೆಲ್ ಗ್ರಾಫಿಕ್ಸ್ ಡ್ರೈವರ್. ಆರ್‌ಸಿ6 ಅಂದ್ರೆ ಇಂಟೆಲ್ ಗ್ರಾಫಿಕ್ಸ್ ಸುಮ್ನಿದ್ದಾಗ ಅದರ ವೋಲ್ಟೇಜನ್ನ ಹೆಚ್ಚುಕಮ್ಮಿ ಸೊನ್ನೆಗೆ ಇಳಿಸೋ ಸ್ಥಿತಿ, ಲ್ಯಾಪ್‌ಟಾಪಿಗೆ ದೊಡ್ಡ ಉಳಿತಾಯ. ಇಂಟೆಲ್ಲಿನ ಸ್ಯಾಂಡಿ ಬ್ರಿಡ್ಜ್ ಪ್ರೊಸೆಸರ್ ಕಾಲದಲ್ಲಿ ಅದನ್ನ ಆನ್ ಮಾಡಿದ್ರೆ ಕೆಲವು ಯಂತ್ರ ಹ್ಯಾಂಗ್ ಆಗ್ತಿದ್ವು, ಹಾಗಾಗಿ ಡೀಫಾಲ್ಟ್ ಆಫ್ ಇತ್ತು, ಬೇಕಾದೋರು ಕೈಯಿಂದ ಆನ್ ಮಾಡ್ಕೋಬೇಕಿತ್ತು, 2012ರಲ್ಲಿ 3.4 ಬಂದಾಗ ಅದು ತಾನಾಗೇ ಆನ್ ಆಯ್ತು. 2018ರಲ್ಲಿ ಆ ಪ್ಯಾರಾಮೀಟರನ್ನೇ ಡ್ರೈವರಿಂದ ಕಿತ್ತು ಹಾಕಿದ್ರು. ನನ್ನ ಡಿಎಮ್‌ಇಎಸ್‌ಜಿಯಲ್ಲಿ ಪ್ರತೀ ಬೂಟಿಗೂ ಇಂಥ ಪ್ಯಾರಾಮೀಟರ್ ಗೊತ್ತಿಲ್ಲ, ಬಿಟ್ಟಿದೀನಿ ಅಂತ ಕರ್ನಲ್ ಬರೀತಾನೇ ಇತ್ತು, ಓದೋರು ಇರ್ಲಿಲ್ಲ ಅಷ್ಟೆ.

ಇನ್ನೊಂದು ಪಿಸಿಐಇ_ಎಎಸ್‌ಪಿಎಂ=ಫೋರ್ಸ್. ಇದರ ಹಿಂದೆ ದೊಡ್ಡ ಗಲಾಟೆನೇ ಇದೆ. 2011ರಲ್ಲಿ 2.6.38 ಬಂದಾಗ ತುಂಬ ಲ್ಯಾಪ್‌ಟಾಪಲ್ಲಿ ಬ್ಯಾಟರಿ ಬೇಗ ಖಾಲಿ ಆಗೋಕೆ ಶುರುವಾಯ್ತು. ಕಾರಣ ಪಿಸಿಐ ಎಕ್ಸ್‌ಪ್ರೆಸ್ ಲಿಂಕುಗಳನ್ನ ಸುಮ್ನಿದ್ದಾಗ ಮಲಗಿಸೋ ಎಎಸ್‌ಪಿಎಂ, ಬಯೋಸ್ (ಓಎಸ್‌ಗೂ ಮುಂಚೆ ಓಡೋ ಮದರ್‌ಬೋರ್ಡಿನ ಸಾಫ್ಟ್‌ವೇರ್) ತನಗೆ ಅದು ಬರಲ್ಲ ಅಂತ ಹೇಳಿದ್ರೆ ಕರ್ನಲ್ ಅದನ್ನ ಪೂರ್ತಿ ಆಫ್ ಮಾಡ್ತಿತ್ತು, ಬಯೋಸ್ ಆಗಲೇ ಆನ್ ಮಾಡಿಟ್ಟಿದ್ದ ಕಡೆಯೂ. ಜನ ಎಲ್ಲ ಈ ಫೋರ್ಸ್ ಪ್ಯಾರಾಮೀಟರ್ ಹಾಕ್ಕೊಂಡ್ರು. ಮ್ಯಾಥ್ಯೂ ಗ್ಯಾರೆಟ್ ಸರಿಯಾದ ಪ್ಯಾಚ್ ಬರೆದು ಅದು 2012ರಲ್ಲಿ 3.3ಕ್ಕೆ ಸೇರ್ತು. ಆಮೇಲೆ ಫೋರ್ಸ್ ಬೇಕಿಲ್ಲ. ಬೇಕಿಲ್ಲ ಮಾತ್ರ ಅಲ್ಲ, ಬೆಂಬಲ ಇಲ್ಲದ ಹಾರ್ಡ್‌ವೇರಲ್ಲಿ ಹ್ಯಾಂಗ್ ಆಗೋ ಅಪಾಯ ಇದೆ. ಆದ್ರೂ ಬ್ಯಾಟರಿ ಉಳಿಸೋದು ಹೇಗೆ ಅಂತ ಹುಡುಕಿದ್ರೆ ಈಗಲೂ ಆ ಸಲಹೆ ಸಿಗತ್ತೆ, ಅದು ಯಾವ ಕರ್ನಲ್ಲಿಗೆ ಅಂತ ಹೇಳಿರೋದು ಅಪರೂಪ. ಈ ಯಂತ್ರ ಆಗ ಹುಟ್ಟೇ ಇರ್ಲಿಲ್ಲ, ನಾನು ಹಳೇ ಲ್ಯಾಪ್‌ಟಾಪಿಂದ ಗ್ರಬ್ ಸಾಲನ್ನ ಕಾಪಿ ಮಾಡ್ಕೊಂಡು ಬಂದಿದ್ದೆ. ಎರಡೂ ತೆಗ್ದೆ, ಅಳತೆಯಲ್ಲಿ ಒಂದಿಷ್ಟೂ ವ್ಯತ್ಯಾಸ ಬರ್ಲಿಲ್ಲ.

ಎಎಂಡಿ ಇರೋರಿಗೆ ಇದೇ ಥರದ್ದು ಇನ್ನೊಂದು ಪರಂಪರೆ ಇದೆ. ಹಳೇ ರೇಡಿಯಾನ್ ಡ್ರೈವರಲ್ಲಿ 2.6.35ರ ಹೊತ್ತಿಗೆ ಪವರ್_ಪ್ರೊಫೈಲ್ ಅಂತ ಒಂದು ಫೈಲ್ ಬಂತು, ಅದಕ್ಕೆ ಲೋ, ಮಿಡ್, ಹೈ, ಆಟೋ ಅಂತ ಕೈಯಿಂದ ಬರೀಬೇಕಿತ್ತು, ಬರೀದೇ ಇದ್ರೆ ಕಾರ್ಡ್ ಬೂಟಲ್ಲಿ ಸಿಕ್ಕ ಕ್ಲಾಕಲ್ಲೇ ಓಡ್ತಿತ್ತು. 2013ರಲ್ಲಿ 3.11 ಬಂದಾಗ ಡಿಪಿಎಂ ಬಂತು, ಅಂದ್ರೆ ಕೆಲಸ ನೋಡಿ ಕ್ಲಾಕು ವೋಲ್ಟೇಜು ಎರಡನ್ನೂ ಚಿಪ್ಪೇ ಏರಿಸಿ ಇಳಿಸೋದು, ಆಗ ಅದಕ್ಕೂ ಪ್ಯಾರಾಮೀಟರ್ ಬೇಕಿತ್ತು, 3.13ರಲ್ಲಿ ಬಹಳಷ್ಟು ಕಾರ್ಡಿಗೆ ತಾನಾಗೇ ಆನ್ ಆಯ್ತು. 2015ರಲ್ಲಿ 4.2ರ ಜೊತೆ ಎಎಂಡಿಜಿಪಿಯು ಬಂದ್ಮೇಲೆ ಹೊಸ ಕಾರ್ಡುಗಳೆಲ್ಲ ಅದಕ್ಕೆ ಹೋದ್ವು. ಈ ಮೂರು ಕಾಲದ ಸಲಹೆಗಳೂ ಈಗ ಒಂದೇ ಹುಡುಕಾಟದಲ್ಲಿ ಒಟ್ಟೊಟ್ಟಿಗೆ ಬಂದು ಬೀಳತ್ತೆ.

ಈಗ ಉಳಿದಿರೋ ಮುಖ್ಯ ಹಿಡಿ ಒಂದು: ಪವರ್_ಡಿಪಿಎಂ_ಫೋರ್ಸ್_ಪರ್ಫಾರ್ಮೆನ್ಸ್_ಲೆವೆಲ್ ಅನ್ನೋ ಉದ್ದ ಹೆಸರಿನ ಫೈಲ್. ಅದರಲ್ಲಿ ಆಟೋ ಇರತ್ತೆ, ಲೋ ಅಂತ ಬರೆದ್ರೆ ಕಾರ್ಡ್ ಯಾವತ್ತೂ ಕೆಳಗಿನ ಕ್ಲಾಕ್ ಬಿಟ್ಟು ಏರಲ್ಲ. ಕರೆಂಟ್ ಉಳೀಲಿ ಅಂತ ಲೋ ಹಾಕೋರು ತುಂಬ ಜನ, ನಾನೂ ಹಾಕಿ ನೋಡ್ದೆ. ಒಂದು ವೀಡಿಯೋ ಎಡಿಟ್ ಮಾಡಿ ಎಎಂಡಿ ಮೇಲೆ ರೆಂಡರ್ ಮಾಡಿಸ್ದೆ. ಲೋ ಇಟ್ಟಾಗ ಇಡೀ ಲ್ಯಾಪ್‌ಟಾಪ್ ಸರಾಸರಿ 22 ವ್ಯಾಟ್, ಕೆಲಸ ಮುಗಿಯೋಕೆ 31 ನಿಮಿಷ. ಆಟೋ ಇಟ್ಟಾಗ 34 ವ್ಯಾಟ್, 14 ನಿಮಿಷ. ಗುಣಿಸಿ ನೋಡಿ, ಲೋ ಇಟ್ಟಾಗ ಬ್ಯಾಟರಿಯಿಂದ 11 ವ್ಯಾಟ್ ಅವರ್ ಮೇಲೆ ಹೋಯ್ತು, ಆಟೋದಲ್ಲಿ ಎಂಟು ಕೂಡ ಆಗ್ಲಿಲ್ಲ. ಯಾಕೆ ಅಂದ್ರೆ ಕೆಲಸ ಮುಗಿಯೋ ತನಕ ಸ್ಕ್ರೀನು, ಮೆಮೊರಿ, ಪ್ರೊಸೆಸರ್ ಎಲ್ಲ ಎದ್ದು ಕಾಯ್ತಿರ್ಬೇಕು, ಅವುಗಳ ಖರ್ಚು ಗಡಿಯಾರ ಓಡಿದಷ್ಟೂ ಓಡತ್ತೆ. ಬೇಗ ಮುಗಿಸಿ ಬೇಗ ಮಲಗೋದೇ ಲಾಭ.

ಲೋ ಯಾವಾಗಲೂ ನಷ್ಟ ಅಂತಲ್ಲ. ಆಟ ಆಡುವಾಗ ಕೆಲಸ ಮುಗಿಯೋದು ಅಂತಿಲ್ಲ, ಕೊಟ್ಟಷ್ಟೂ ಫ್ರೇಮ್ ಬಿಡಿಸ್ತಾ ಹೋಗತ್ತೆ, ಅಲ್ಲಿ ಕ್ಲಾಕ್ ಕಟ್ಟಿದ್ರೆ ನೇರ ಉಳಿತಾಯ. ಚಿಪ್ಪು ತಿನ್ನೋ ಪವರ್ ಕ್ಲಾಕಿನ ಲೆಕ್ಕದಲ್ಲಿ ನೇರವಾಗಿ ಏರತ್ತೆ, ವೋಲ್ಟೇಜಿನ ಲೆಕ್ಕದಲ್ಲಿ ವರ್ಗವಾಗಿ ಏರತ್ತೆ, ಒಂದು ವೋಲ್ಟ್ ಇದ್ದದ್ದನ್ನ 0.8ಕ್ಕೆ ಇಳಿಸಿದ್ರೆ ಅದೇ ಕ್ಲಾಕಲ್ಲೂ 64 ಪರ್ಸೆಂಟಿಗೆ ಇಳಿಯತ್ತೆ. ಕೊನೇ ಚೂರು ವೇಗಕ್ಕೆ ವೋಲ್ಟೇಜ್ ತುಂಬ ಏರಿಸ್ಬೇಕಾಗತ್ತೆ, ಅದಕ್ಕೇ ಮೇಲಿನ ಎರಡು ಮೆಟ್ಟಿಲು ಕತ್ತರಿಸಿದ್ರೆ ವೇಗ ಸ್ವಲ್ಪ ಹೋಗಿ ಬಿಸಿ ಬಹಳ ಕಮ್ಮಿ ಆಗತ್ತೆ. ಹೊಸ ಕಾರ್ಡುಗಳಲ್ಲಿ ಅದಕ್ಕೆ ಇನ್ನೂ ಸುಲಭ ದಾರಿ ಎಚ್‌ಡಬ್ಲ್ಯೂಮಾನ್ ಫೋಲ್ಡರಲ್ಲಿರೋ ಪವರ್1_ಕ್ಯಾಪ್, ಇಷ್ಟು ವ್ಯಾಟ್ ಮೀರ್ಬೇಡ ಅಂತ ಹೇಳಿ ಉಳಿದಿದ್ದು ಅದಕ್ಕೇ ಬಿಡೋದು. ಅದೂ ಮೈಕ್ರೋವ್ಯಾಟಲ್ಲೇ, ಸೊನ್ನೆ ಎಣಿಸಿ ಬರೀರಿ.

ಇಂಥ ಸೆಟ್ಟಿಂಗ್ ಬರೆಯುವಾಗ ಒಂದು ಎಚ್ಚರ: ಕಾರ್ಡ್0, ಕಾರ್ಡ್1 ಅನ್ನೋ ಸಂಖ್ಯೆ ನಂಬ್ಬೇಡಿ. ಯಾವ ಡ್ರೈವರ್ ಮೊದಲು ಎದ್ದಿತೋ ಅದಕ್ಕೆ ಮೊದಲ ಸಂಖ್ಯೆ, ಕರ್ನಲ್ ಬದಲಾದ್ರೆ ಸಂಖ್ಯೆ ಅದಲುಬದಲು ಆಗ್ಬಹುದು, ನೀವು ಎಎಂಡಿಗೆ ಅಂತ ಬರೆದಿದ್ದು ಇಂಟೆಲ್ ಫೋಲ್ಡರಿಗೆ ಹೋಗಿ ಬೀಳತ್ತೆ. ಪಿಸಿಐ ಅಡ್ರೆಸ್ ಇರೋ ದಾರಿ ಹಿಡಿದ್ರೆ ಆ ಭಯ ಇಲ್ಲ.

ಡೆಸ್ಕ್‌ಟಾಪಲ್ಲಿ ಎರಡು ಮಾನಿಟರ್ ಹಾಕಿದ ಕೂಡಲೇ ಸುಮ್ನಿದ್ರೂ ಕಾರ್ಡ್ ಬಿಸಿ ಅಂತ ಗೆಳೆಯರೊಬ್ಬರು ಕೇಳಿದ್ರು, ಅದೂ ಇಲ್ಲೇ ಹೇಳ್ಬಿಡ್ತೀನಿ. ಗ್ರಾಫಿಕ್ಸ್ ಮೆಮೊರಿಯ ಕ್ಲಾಕ್ ಬದಲಾಯಿಸುವಾಗ ಒಂದು ಕ್ಷಣ ಮೆಮೊರಿ ಓದೋಕಾಗಲ್ಲ, ಆ ಕ್ಷಣದಲ್ಲಿ ಸ್ಕ್ರೀನಿಗೆ ಚಿತ್ರ ಹೋಗ್ತಿದ್ರೆ ಮಿಣುಕತ್ತೆ. ಹಾಗಾಗಿ ಡ್ರೈವರ್ ಒಂದು ಫ್ರೇಮ್ ಮುಗಿದು ಇನ್ನೊಂದು ಶುರುವಾಗೋ ಮಧ್ಯದ ಬಿಡುವಲ್ಲಿ ಬದಲಾಯಿಸತ್ತೆ. 60 ಹರ್ಟ್ಜಲ್ಲಿ ಒಂದು ಫ್ರೇಮ್ 16.7 ಮಿಲಿಸೆಕೆಂಡ್, ಬಿಡುವು ಒಂದು ಮಿಲಿಸೆಕೆಂಡಿಗಿಂತ ಕಮ್ಮಿ. ಎರಡು ಮಾನಿಟರ್ ಇದ್ರೆ ಅವುಗಳ ಬಿಡುವು ಒಂದೇ ಹೊತ್ತಿಗೆ ಬರಲ್ಲ, ಬದಲಾಯಿಸೋಕೆ ಜಾಗನೇ ಸಿಗಲ್ಲ, ಅದಕ್ಕೆ ಮೆಮೊರಿನ ಮೇಲಿನ ಕ್ಲಾಕಲ್ಲೇ ಬಿಟ್ಬಿಡತ್ತೆ. ಎರಡಕ್ಕೂ ಒಂದೇ ರೆಸಲ್ಯೂಶನ್ನು ಒಂದೇ ರಿಫ್ರೆಶ್ ರೇಟು ಇಟ್ಟು ನೋಡಿ, ಕೆಲವು ಕಾರ್ಡಲ್ಲಿ ಇಳಿಯತ್ತೆ. ಇಳೀದಿದ್ರೆ ಒತ್ತಾಯ ಮಾಡ್ಬೇಡಿ, ಮಿಣುಕೋ ಸ್ಕ್ರೀನ್ ನೋಡ್ಕೊಂಡು ಕೆಲಸ ಮಾಡೋಕಾಗಲ್ಲ.

ಇಂಟೆಲ್ ಕಡೆ ಪಿಎಸ್‌ಆರ್ ಅನ್ನೋದೊಂದು ಮಾತ್ರ ಹೇಳ್ತೀನಿ, ಸ್ಕ್ರೀನಲ್ಲಿ ಏನೂ ಬದಲಾಗ್ತಿಲ್ಲ ಅಂದ್ರೆ ಪ್ಯಾನೆಲ್ ತನ್ನ ಸ್ವಂತ ಮೆಮೊರಿಯಿಂದ ಅದೇ ಚಿತ್ರ ತೋರಿಸ್ತಾ ಇರತ್ತೆ, ಗ್ರಾಫಿಕ್ಸು ಲಿಂಕು ಎರಡೂ ಮಲಗತ್ತೆ. ಓದ್ತಾ ಕೂರೋರಿಗೆ ಇದು ಒಳ್ಳೇ ಉಳಿತಾಯ. ಕೆಲವು ಪ್ಯಾನೆಲಲ್ಲಿ ಇದರಿಂದ ಮಿಣುಕೋದು, ಕರ್ಸರ್ ತಡ ಆಗೋದು ಬರತ್ತೆ, ಬಂದ್ರೆ ಐ915.ಎನೇಬಲ್_ಪಿಎಸ್‌ಆರ್=0 ಹಾಕ್ಬೇಕು, ಬರದೇ ಇದ್ರೆ ಮುಟ್ಟೋದೇ ಬೇಡ.

ನಿಜವಾಗಲೂ ಕರ್ನಲ್ಲಲ್ಲೇ ತಪ್ಪಿದ್ರೆ? ಇರತ್ತೆ, ಇಲ್ಲ ಅನ್ನಲ್ಲ. ಆಗ ಹಳೇದಕ್ಕೆ ಹೋಗಿ ಸುಮ್ನಾಗೋದಕ್ಕಿಂತ ಯಾವ ಆವೃತ್ತಿಯಲ್ಲಿ ಶುರುವಾಯ್ತು ಅಂತ ಕಂಡುಹಿಡಿದ್ರೆ ಅದನ್ನ ಬರೆದೋರಿಗೆ ತುಂಬ ಸಹಾಯ. 6.1 ಮತ್ತೆ 6.12 ಮಧ್ಯೆ ಲಕ್ಷಕ್ಕೂ ಹೆಚ್ಚು ಬದಲಾವಣೆ ಇದೆ, ಆದ್ರೆ ಗಿಟ್ ಬೈಸೆಕ್ಟ್ ಅನ್ನೋ ಕಮಾಂಡ್ ಪ್ರತೀ ಸಲ ಅರ್ಧಕ್ಕರ್ಧ ಕತ್ತರಿಸ್ತಾ ಹೋಗತ್ತೆ, ಹದಿನೇಳು ಹದಿನೆಂಟು ಸಲ ಕಂಪೈಲ್ ಮಾಡಿ ಬೂಟ್ ಮಾಡಿದ್ರೆ ತಪ್ಪು ಮಾಡಿದ ಒಂದೇ ಒಂದು ಬದಲಾವಣೆ ಸಿಗತ್ತೆ. ನಾನು ಅದಕ್ಕೂ ತಯಾರಾಗಿದ್ದೆ, ಸೋರ್ಸ್ ಇಳಿಸ್ಕೊಂಡಿದ್ದೆ. ಬೈಸೆಕ್ಟ್ ಶುರು ಮಾಡೋ ಮುಂಚೆ ಎಲ್ಲ ಪ್ಯಾರಾಮೀಟರ್ ತೆಗೆದು ಒಂದ್ಸಲ ನೋಡಿ ಅಂತ ಎಲ್ಲ ಕಡೆ ಹೇಳ್ತಾರೆ, ಆ ಒಂದು ಮಾತು ಕೇಳಿದ್ದಕ್ಕೆ ಹದಿನೆಂಟು ಬೂಟ್ ಉಳೀತು.

ಈಗ ನನ್ನ ಗ್ರಬ್ ಸಾಲಲ್ಲಿ ಕ್ವೈಟ್ ಅನ್ನೋ ಒಂದೇ ಪದ ಇದೆ. ಪಕ್ಕದಲ್ಲಿ ಒಂದು ಟೆಕ್ಸ್ಟ್ ಫೈಲ್ ಮಾಡಿದೀನಿ, ಮುಂದೆ ಯಾವ ಪ್ಯಾರಾಮೀಟರ್ ಹಾಕಿದ್ರೂ ತಾರೀಖು, ಆಗ ಇದ್ದ ಕರ್ನಲ್, ಯಾವ ತೊಂದ್ರೆಗೆ, ಹಾಕೋ ಮುಂಚೆ ಎಷ್ಟು ವ್ಯಾಟ್, ಹಾಕಿದ್ಮೇಲೆ ಎಷ್ಟು ಅಂತ ಅದರಲ್ಲಿ ಬರೀತೀನಿ, ಮುಂದಿನ ಕರ್ನಲ್ ಬಂದ ದಿನ ಮೊದಲ ಬೂಟು ಅದ್ಯಾವುದೂ ಇಲ್ಲದೆ. ಸದ್ಯಕ್ಕೆ ಆ ಫೈಲ್ ಖಾಲಿ. 6.1ನ್ನ ಗ್ರಬ್ ಮೆನುವಲ್ಲಿ ಇನ್ನೂ ಇಟ್ಟಿದೀನಿ, ಇನ್ನೊಂದು ವಾರ ಮುಚ್ಚಿ ತೆಗೆದು ನೋಡಿ, ಸ್ಕ್ರೀನ್ ಪ್ರತೀ ಸಲ ಬಂದ್ರೆ ಅದನ್ನೂ ತೆಗೀತೀನಿ.